ಬೀಗರೊಂದಿಗೆ ತಾಂಡೂರಿಗೆ ಸೈಕಲ್ ತುಳಿದದ್ದು

ನಮ್ಮ ಮನೆಯಿಂದ ಜಹೀರಾಬಾದಿನ ತರಕಾರಿ ಬಜಾರಿಗೆ ಹೋಗುವ ದಾರಿಯಲ್ಲಿ ಯಾವುದಕ್ಕೆ ಬರ ಬಂದರೂ ಗುಂಡಿಗಳಿಗೆ ಬರವಿಲ್ಲ. ಚೀಲ ಹಿಡಿದು ನಾನು ಮುಂದೆ ನಡೆದರೆ ನನ್ನ ಹೆಂಡತಿ ಮಹಾದೇವಿ ಹಿಂದೆ ಬರುತ್ತಾಳೆ. ಗುಂಡಿ ಕಂಡ ಕೂಡಲೇ ನನ್ನ ಎಡಗೈ ತಾನಾಗಿಯೇ ಸೊಂಟದ ಕೆಳಗೆ ಇಳಿದು, ತೋರುಬೆರಳು ನೆಲದ ಕಡೆ ಚಾಚಿಕೊಳ್ಳುತ್ತದೆ. ಸೆಗಣಿ ಇದ್ದರೂ ಅಷ್ಟೇ, ಮಲಗಿದ ನಾಯಿ ಇದ್ದರೂ ಅಷ್ಟೇ.

"ನನಗ ಕಣ್ಣಿಲ್ಲೇನು? ಮಂದಿ ನೋಡಾಕತ್ತಾರ. ಕೈ ಮ್ಯಾಲ ತಗೋರಿ" ಎಂದು ಅವಳು ಹಿಂದಿನಿಂದ ಗದರುತ್ತಾಳೆ.

ಇದು ಯಾವ ಕಾಯಿಲೆಯೂ ಅಲ್ಲವೆಂದು ನಿಮಗಾದರೂ ಹೇಳಿಬಿಡುತ್ತೇನೆ. ದೂರದ ಸೈಕಲ್ ಪಂದ್ಯದಲ್ಲಿ ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋಗುವಾಗ ಹಿಂದಿನವನಿಗೆ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ದಾರಿಯಲ್ಲಿ ಏನಿದೆ ಎಂಬುದನ್ನು ಮುಂದಿನವನೇ ಕೈ ಚಾಚಿ ತೋರಿಸಬೇಕು. ನಾರಾಯಣಖೇಡದಿಂದ ತಾಂಡೂರಿನವರೆಗೆ ನಾನು ಒಂದು ಹಗಲು ಹೀಗೆ ಗುಂಡಿ ತೋರಿಸುತ್ತ ಹೋದವನು. ಪಂದ್ಯ ಮುಗಿದು ಎರಡು ಎಳ್ಳಮಾಸಿ ಹಬ್ಬ ಕಳೆದರೂ ನನ್ನ ಕೈಗೆ ಮಾತ್ರ ಅದು ಇನ್ನೂ ಮುಗಿದಿಲ್ಲ.

ನಾನು ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಕೂರುವ ಕಂಟ್ರೋಲರು. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಬೀದರ್ ಕಡೆಯ ಮುದುಕಿಯರಿಗಾಗಿ ಒಮ್ಮೊಮ್ಮೆ ಕನ್ನಡದಲ್ಲಿ ಕೂಗಿ ಹೇಳುವುದೇ ನನ್ನ ಕಸುಬು. ನಾರಾಯಣಖೇಡ, ತಾಂಡೂರು ಎಂಬ ಹೆಸರುಗಳನ್ನು ನಾನು ಶಿವನ ಹೆಸರಿಗಿಂತ ಹೆಚ್ಚು ಸಲ ಉಚ್ಚರಿಸಿದ್ದೇನೆ. ಕುಳಿತಲ್ಲೇ ಊರೂರಿಗೆ ಜನರನ್ನು ಕಳಿಸುತ್ತಿದ್ದ ಮೈಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು. ನಾನು ನಡೆಯಲಿಲ್ಲ. ಆಗ ಡಾಕ್ಟರಾದ ನನ್ನ ಮಗಳೇ ಗೇರಿನ ಸೈಕಲ್ಲೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಳು. ಡಾಕ್ಟರು ಎಂದರೆ ದನದ ಡಾಕ್ಟರು. ತಾಂಡೂರಿನ ಪಶು ಆಸ್ಪತ್ರೆಯಲ್ಲಿ ಅವಳ ನೌಕರಿ. ಹೆಸರು ಪಲ್ಲವಿ. ಒದೆಯುವ ಎತ್ತುಗಳಿಗೆ ಸೂಜಿ ಚುಚ್ಚಿ ಅಭ್ಯಾಸವಾದ ಹುಡುಗಿಯ ಮಾತನ್ನು ಅಪ್ಪ ತೆಗೆದುಹಾಕುವುದು ಹೇಗೆ? ತುಳಿಯತೊಡಗಿದೆ. ತುಳಿಯುತ್ತ ತುಳಿಯುತ್ತ ರುಚಿ ಹತ್ತಿತು.

ಅಷ್ಟರಲ್ಲಿ ಪಟ್ಟಣದ ಸೈಕಲ್ ಸಂಘವೊಂದು ನಾರಾಯಣಖೇಡದಿಂದ ತಾಂಡೂರಿಗೆ ಪಂದ್ಯ ಇಟ್ಟಿತು. ಐವತ್ತು ದಾಟಿದವರಿಗೆ ಜೋಡಿ ಸ್ಪರ್ಧೆ. ಇಬ್ಬರೂ ಜೊತೆಗೇ ಹೋಗಬೇಕು, ಜೊತೆಗೇ ಗೆರೆ ದಾಟಬೇಕು. ಒಬ್ಬ ಮುಂದೆ ಬಂದು ಇನ್ನೊಬ್ಬ ಹಿಂದುಳಿದರೆ ಇಬ್ಬರ ಲೆಕ್ಕವೂ ಇಲ್ಲ. ನಾನೂ ನನ್ನ ಜೊತೆಯ ಕಂಡಕ್ಟರೊಬ್ಬನೂ ಹೆಸರು ಕೊಟ್ಟೆವು. ಆಮೇಲೆ ಪಂಚಾಂಗ ನೋಡಿದರೆ ಆ ಭಾನುವಾರ ಎಳ್ಳಮಾಸಿ! ಎಳ್ಳಮಾಸಿ ಅಂದರೆ ನಮ್ಮ ಕಡೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಉಂಡು, ಗಿಡದ ನೆರಳಲ್ಲಿ ಮಲಗುವ ಹಬ್ಬ. ಪಟ್ಟಣದವರಿಗೆ ಅದೆಲ್ಲಿ ಗೊತ್ತು! ಕಂಡಕ್ಟರನ ಹೆಂಡತಿ ಒಂದೇ ಮಾತಿನಲ್ಲಿ ಅವನ ಟಿಕೆಟ್ ಹರಿದಳು. ನನ್ನ ಜೋಡಿ ಮುರಿಯಿತು.

ಹಾಗಿರುವಾಗ ಒಂದು ಮುಂಜಾನೆ ನಾರಾಯಣಖೇಡದಿಂದ ವೀರಶೆಟ್ಟೆಪ್ಪನವರ ಫೋನು ಬಂತು.

ಈ ವೀರಶೆಟ್ಟೆಪ್ಪ ಯಾರೆಂದು ಹೇಳಬೇಕು. ನಾರಾಯಣಖೇಡದ ಬಜಾರಿನಲ್ಲಿ ತೊಗರಿ, ಹೆಸರು, ಉದ್ದಿನ ವ್ಯಾಪಾರ ಮಾಡುವ ಮನುಷ್ಯ. ಅವರ ಒಬ್ಬನೇ ಮಗ ಕಿರಣ ಅಪ್ಪನ ಜೊತೆ ಅಂಗಡಿಯಲ್ಲೇ ಕೂರುತ್ತಾನೆ. ಮಳೆಗಾಲದ ಕೊನೆಗೆ ಮೂವರೂ, ಅಂದರೆ ಅವರು, ಅವರ ಹೆಂಡತಿ ಸುವರ್ಣಮ್ಮ, ಕಿರಣ, ನಮ್ಮ ಪಲ್ಲವಿಯನ್ನು ನೋಡಲು ಬಂದಿದ್ದರು. ಹುಡುಗ ಹುಡುಗಿ ಒಪ್ಪಿಕೊಂಡರು. ಎಲ್ಲ ಸುಸೂತ್ರ ನಡೆದಿತ್ತು. ಕೊನೆಗೆ ಮಹಾದೇವಿ ಚಹಾದ ಕಪ್ಪು ಕೊಡುತ್ತ, "ಮದುವಿ ಆದ ಮ್ಯಾಲ ನಮ್ಮ ಹುಡುಗಿ ನೌಕರಿ ಹೆಂಗ್ರಿ? ಆಕಿ ತಾಂಡೂರಾಗ, ನೀವು ನಾರಾಯಣಖೇಡದಾಗ" ಎಂದು ಕೇಳಿದಳು.

ವೀರಶೆಟ್ಟೆಪ್ಪ ಚಹಾವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನೋಡೂಣ್ರಿ" ಎಂದರು.

ಅಷ್ಟೇ. ದಸರೆ ಹೋಯಿತು, ದೀಪಾವಳಿ ಹೋಯಿತು, ಮೇಲೊಂದು ಮಾತಿಲ್ಲ. ಕನ್ನಡದಲ್ಲಿ 'ನೋಡೂಣ್' ಎಂಬ ಮಾತಿನಷ್ಟು ವಿಶಾಲವಾದದ್ದು ಇನ್ನೊಂದಿಲ್ಲ. ಅದರೊಳಗೆ ಹೌದೂ ಇರುತ್ತದೆ, ಅಲ್ಲವೂ ಇರುತ್ತದೆ, ಎರಡೂ ಇಲ್ಲದಿರುವುದೂ ಇರುತ್ತದೆ. ನನ್ನ ತಂಗಿ ಅದಕ್ಕೆ 'ಆಗೋದಿಲ್ಲ' ಎಂದು ಅರ್ಥ ಹೇಳಿದಳು. ನನ್ನ ಮಾವ, 'ಆಗ್ತದ, ಆದ್ರ ಹುಡುಗಿ ನೌಕರಿ ಬಿಡಬೇಕು' ಎಂದು ಭಾಷ್ಯ ಬರೆದರು. ನಾವೇ ಮೇಲೆ ಬಿದ್ದು ಕೇಳೋಣವೆಂದರೆ ಹೆಣ್ಣಿನ ಕಡೆಯವರು. ಹೆಜ್ಜೆ ಹೆಜ್ಜೆಗೂ ನಾಚಿಕೆ.

ಅಂಥವರ ಫೋನು.

"ಸಾಹೇಬ್ರೇ, ಸೈಕಲ್ಲಿಗಿ ನಿಮಗ ಜೋಡಿ ಬೇಕಂತ ಬಸ್ಸಿನವರು ಅಂದ್ರು, ಹೌದೇನ್ರಿ?"

"ಹೌದ್ರಿ ಶೆಟ್ಟೆಪ್ಪನವರೇ, ಆದ್ರ ನೀವು..."

"ನಾ ಬರ್ತೀನ್ರಿ" ಎಂದರು. ಫೋನು ಇಟ್ಟರು.

ಮನೆಯಲ್ಲಿ ಸಭೆ ಸೇರಿತು. "ಹಗಲಿಡೀ ಜೋಡಿ ಇರ್ತೀರಿ. ಊರ ಮಂದಿಗೆಲ್ಲ ಬಸ್ಸಿನ ವ್ಯಾಳ್ಯಾ ಕೂಗಿ ಹೇಳಾವ್ರು ನೀವು. ಒಬ್ಬ ಮನಷ್ಯಾಗ ಒಂದ್ ಮಾತ್ ಕೇಳಾಕ ಆಗಲ್ಲೇನು?" ಎಂದು ಮಹಾದೇವಿ ನನಗೆ ಕೆಲಸ ಹಚ್ಚಿದಳು.

ಪಲ್ಲವಿ ಫೋನಿನಲ್ಲಿ ಬೇರೆಯೇ ಹೇಳಿದಳು. "ಅಪ್ಪಾ, ನೀ ಏನೂ ಕೇಳಬ್ಯಾಡ. ನಾ ನೌಕರಿ ಬಿಡಲ್ಲ, ಅದು ಕಿರಣಗೂ ಗೊತ್ತದ. ಆದ್ರ ಇರಾವ ಒಬ್ಬ ಮಗ. ಅಪ್ಪನ ಬಿಟ್ಟು ಬಾ ಅಂತ ನಾ ಹೆಂಗ ಅನ್ಲಿ? ಅವರೇ ಬ್ಯಾಡ ಅಂದ್ರ ಅಂದ್ರು, ಬಿಡು." ಆ 'ಬಿಡು' ಎನ್ನುವಾಗ ಅವಳ ದನಿ ಸ್ವಲ್ಪ ಸಣ್ಣದಾಯಿತು. ದೊಡ್ಡ ದನಿಯ ಅಪ್ಪನಿಗೆ ಸಣ್ಣ ದನಿ ಬೇಗ ಕೇಳಿಸುತ್ತದೆ.

ಎಳ್ಳಮಾಸಿಯ ಮುಂಜಾನೆ ನಾರಾಯಣಖೇಡದ ಬಜಾರಿನ ಎದುರು ಪಂದ್ಯದವರು ನೆರೆದಿದ್ದರು. ಎಲ್ಲರ ಮೈಗೂ ಗಿಳಿ ಬಣ್ಣದ, ನವಿಲು ಬಣ್ಣದ ಬಿಗಿ ಅಂಗಿಗಳು. ನಾನೂ ಮಗಳು ಕಳಿಸಿದ ಅಂಥದ್ದೇ ಒಂದರೊಳಗೆ ಹೊಟ್ಟೆಯನ್ನು ತುರುಕಿಕೊಂಡು ನಿಂತಿದ್ದೆ. ಆಗ ವೀರಶೆಟ್ಟೆಪ್ಪ ಬಂದರು. ಬಿಳಿ ಅಂಗಿ, ಪಾದದ ಹತ್ತಿರ ರಬ್ಬರ್ ಬ್ಯಾಂಡ್ ಹಾಕಿದ ಬಿಳಿ ಪೈಜಾಮ, ತಲೆಗೆ ಮಂಕಿ ಟೋಪಿ, ಅದರ ಮೇಲೆ ಹೆಲ್ಮೆಟ್. ಸೈಕಲ್ಲೋ, ಎತ್ತರದ ಕರಿ ಸೈಕಲ್. ಹಿಂದೆ ಕ್ಯಾರಿಯರು, ಮುಂದೆ ಗಂಟೆ.

ಪಂದ್ಯದ ಹುಡುಗನೊಬ್ಬ ಕ್ಯಾರಿಯರ್ ತೋರಿಸಿ, ಭಾರವಾಗುತ್ತದೆ, ಬಿಚ್ಚಿಬಿಡೋಣವೇ ಎಂದು ಕೇಳಿದ.

"ಇರ್ಲಿ ಬಿಡ್ರಿ" ಎಂದರು ವೀರಶೆಟ್ಟೆಪ್ಪ. ನನಗೆ ಕೈ ಮುಗಿದರು. ನಾನೂ ಮುಗಿದೆ. ಸೈಕಲ್ ಹಿಡಿದುಕೊಂಡು ಕೈ ಮುಗಿಯುವುದು ಕಷ್ಟ. ಇಬ್ಬರ ಸೈಕಲ್ಲೂ ಒಂದರ ಮೇಲೊಂದು ಬಿದ್ದವು. ಶುಭಾರಂಭ.

ಹೊರಟ ಮೇಲೆ ನನಗೊಂದು ಧರ್ಮಸಂಕಟ ಬಂತು. ಜೋಡಿ ಪಂದ್ಯದಲ್ಲಿ ಮುಂದಿನವನು ಎದುರುಗಾಳಿಯನ್ನು ತನ್ನ ಎದೆಯಲ್ಲಿ ತಡೆದರೆ ಹಿಂದಿನವನಿಗೆ ಅರ್ಧ ಶ್ರಮ ಉಳಿಯುತ್ತದೆ. ಸರದಿಯಂತೆ ಜಾಗ ಬದಲಿಸಬೇಕು. ಆದರೆ ಬೀಗರಾಗಬಹುದಾದವರ ಮುಂದೆ ನಡೆಯುವುದು ಮರ್ಯಾದೆಯಲ್ಲ. ಅವರನ್ನು ಮುಂದೆ ಬಿಟ್ಟು ಅವರ ಬೆನ್ನಿನ ಮರೆಯಲ್ಲಿ ಸುಖವಾಗಿ ಹೋಗುವುದು ಅದಕ್ಕಿಂತ ದೊಡ್ಡ ಅಪಚಾರ. ಹೆಣ್ಣಿನ ಅಪ್ಪ ಗಂಡಿನ ಅಪ್ಪನಿಗೆ ಗಾಳಿ ಕುಡಿಸಿದ ಎಂದು ನಾಳೆ ಯಾರಾದರೂ ಅಂದರೆ? ತೂಗಿ ನೋಡಿ ನಾನೇ ಮುಂದಾದೆ. ಅವರು ಮುಂದೆ ಬರಲು ಸೈಕಲ್ ತಿರುಗಿಸಿದಾಗಲೆಲ್ಲ ನಾನು ಜೋರಾಗಿ ತುಳಿದು ದಾರಿ ಬಿಡಲಿಲ್ಲ. ಎಡಗೈಯಿಂದ ಗುಂಡಿ ತೋರಿಸುವುದು, ಹೊರಳಿ ಅವರಿದ್ದಾರೋ ಇಲ್ಲವೋ ನೋಡುವುದು, ಇದೇ ಕೆಲಸವಾಯಿತು.

ಹೊರಳಿ ನೋಡುವ ಅಭ್ಯಾಸ ಮಾತ್ರ ಹಳೆಯದು. ಚಿಕ್ಕವನಿದ್ದಾಗ ಸೀಟಿನ ಮೇಲೆ ಕೂತರೆ ಕಾಲು ಎಟುಕದೆ ನಾನು ಕೈಂಚಿ ಹೊಡೆಯುತ್ತಿದ್ದೆ. ಕೈಂಚಿ ಅಂದರೆ ಸೈಕಲ್ಲಿನ ಚೌಕಟ್ಟಿನ ನಡುವೆ ಒಂದು ಕಾಲು ತೂರಿಸಿ, ಕತ್ತರಿಯ ಹಾಗೆ ಆಡಿಸುತ್ತ ತುಳಿಯುವುದು. ಕಾಲು ಎಟುಕಿದ ವರ್ಷ ನಮ್ಮ ಆಯಿ, ಅಪ್ಪನ ತಾಯಿ, "ಮೊಗುಡಂಪಲ್ಲಿಗಿ ಬಿಡು ನನ್ನ" ಎಂದು ಕ್ಯಾರಿಯರಿನ ಮೇಲೆ ಹತ್ತಿ ಕೂತಳು. ಅಲ್ಲಿ ಅವಳ ತವರು. ನಾನು ಆಗಲೂ ಮಾತಿನ ಮಲ್ಲ. ಶಾಲೆಯ ಕಥೆ ಹೇಳುತ್ತ ಹೋದೆ. ಹಿಂದಿನಿಂದ ಆಯಿ 'ಹೂಂ, ಹೂಂ' ಎನ್ನುತ್ತಿದ್ದಳು. ಒಂದು ಏರಿನಲ್ಲಿ ಸೈಕಲ್ ನಿಧಾನವಾಯಿತು. ಆಮೇಲೆ ಬಹಳ ಹಗುರವಾಯಿತು. ನನ್ನ ಕಾಲಿಗೆ ಬಲ ಬಂತೆಂದು ನನಗೆ ಹೆಮ್ಮೆ. ಮೊಗುಡಂಪಲ್ಲಿ ಮುಟ್ಟಿ, "ಇಳಿ ಆಯಿ" ಎಂದು ನೋಡಿದರೆ ಕ್ಯಾರಿಯರ್ ಖಾಲಿ. ಅಳುತ್ತ ಹಿಂದಕ್ಕೆ ತುಳಿದೆ. ಆಯಿ ನಡುದಾರಿಯ ಹೊಲದ ಬದುವಿನ ಮೇಲೆ ಗೆಳತಿಯೊಬ್ಬಳ ಜೊತೆ ಕೂತು ಹಸಿ ತೊಗರಿಕಾಯಿ ಸುಲಿದು ತಿನ್ನುತ್ತಿದ್ದಳು. "ಈಕಿ ಕಂಡ್ಳು, ಇಳಿದೆ. ನಿನ್ನ ಕಥಿ ಮುಗಿದಿರಲಿಲ್ಲ, ನಡುವ ಬಾಯಿ ಹಾಕಬಾರದಂತ ಸುಮ್ಮನಾದೆ" ಎಂದಳು. ಅಂದಿನಿಂದ ಹಿಂದೆ ಯಾರನ್ನು ಕೂರಿಸಿಕೊಂಡರೂ, ಹಿಂದೆ ಯಾರು ಬರುತ್ತಿದ್ದರೂ, ನನ್ನ ಕುತ್ತಿಗೆ ಹೊರಳುತ್ತಲೇ ಇರುತ್ತದೆ.

ಮಂಜೀರಾ ಸೇತುವೆಯ ಮೇಲೆ ಮಂಜು ಕವಿದಿತ್ತು. ಹೊಳೆ ಕಾಣುತ್ತಿರಲಿಲ್ಲ, ಬರೀ ತಣ್ಣನೆಯ ವಾಸನೆ. ಜನರಿಲ್ಲ, ಲಾರಿಯಿಲ್ಲ. ಕೇಳಲು ಇದೇ ಹೊತ್ತು ಎಂದುಕೊಂಡೆ. ಧೈರ್ಯ ಮಾಡಿ ಹೊರಳಿ ಕೂಗಿದೆ.

"ಶೆಟ್ಟೆಪ್ಪನವರೇ, ನೌಕರಿ ವಿಚಾರ ಏನ್ ಮಾಡೂಣ್ರಿ?"

ಗಾಳಿ ನನ್ನ ಮಾತನ್ನು ಅರ್ಧ ತಿಂದಿತು.

"ತೊಗರೀನಾ?" ಎಂದು ಹಿಂದಿನಿಂದ ಕೂಗು ಬಂತು. "ತೊಗರಿ ಈ ಸಲ ಚಲೋ ಅದ್ರಿ! ಕಾಳು ಗಟ್ಟಿ ಆಗ್ಯದ!"

"ತೊಗರಿ ಅಲ್ರಿ, ನೌಕರಿ!"

"ಹೌದ್ರಿ, ತೊಗರಿ! ಜರಾ ತಡದು ಮಾರ್ರಿ!"

ಮಾರಲು ನನ್ನ ಹತ್ತಿರ ಒಂದು ಹಿಡಿ ತೊಗರಿಯೂ ಇರಲಿಲ್ಲ. ಮುಂದಕ್ಕೆ ತುಳಿದೆ.

ಕಬ್ಬಿನ ಗದ್ದೆಗಳ ನಡುವೆ ಬಿಸಿಲು ಏರಿತು. ಬಿಗಿ ಅಂಗಿಯವರೆಲ್ಲ ನಮ್ಮನ್ನು ದಾಟಿ ಎಂದೋ ಮಾಯವಾಗಿದ್ದರು. ನಮ್ಮ ಹಿಂದೆ ಯಾರೂ ಇರಲಿಲ್ಲ. ಇದ್ದದ್ದು ಬಸ್ಸುಗಳು ಮಾತ್ರ, ಅವುಗಳ ಡ್ರೈವರುಗಳೆಲ್ಲ ನನ್ನ ಪರಿಚಯದವರು. ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಂ ಸಾರ್, ಮನ ಬಸ್ಸು ದೊರಕಲೇದಾ?" ಎಂದ. ನಮ್ಮ ಬಸ್ಸು ಸಿಗಲಿಲ್ಲವೇ ಅಂತ! ಬಸ್ಸಿನ ಜನರೆಲ್ಲ ನಕ್ಕರು. ಹೊರಳಿ ನೋಡಿದರೆ ವೀರಶೆಟ್ಟೆಪ್ಪನವರ ಮಂಕಿ ಟೋಪಿಯೊಳಗಿನ ಮುಖ ನಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

ಜಹೀರಾಬಾದಿನಲ್ಲಿ ನಾವು ನಿಲ್ಲಬೇಕಾಗಿದ್ದದ್ದು ನನ್ನ ಬಸ್ ನಿಲ್ದಾಣದ ಎದುರಿಗೇ. ಅಲ್ಲಿ ಇಬ್ಬರೂ ಒಟ್ಟಿಗೆ ಬಂದೆವೆಂದು ಪಂದ್ಯದವರಿಗೆ ಮುಖ ತೋರಿಸಬೇಕು. ನನ್ನ ಕುರ್ಚಿಯಲ್ಲಿ ಅಂದು ಕೂತಿದ್ದ ಗೆಳೆಯ ನಮ್ಮನ್ನು ಕಂಡದ್ದೇ ತಡ, ಮೈಕು ಬಾಯಿಗೆ ಹಿಡಿದ. ನಾರಾಯಣಖೇಡದಿಂದ ಬಂದು ತಾಂಡೂರಿಗೆ ಹೋಗುವ ಜೋಡಿ ಸೈಕಲ್ ಹೊರಡಲು ಸಿದ್ಧವಾಗಿದೆ, ಪ್ರಯಾಣಿಕರು ಕ್ಯಾರಿಯರಿನ ಮೇಲೆ ಆಸೀನರಾಗಬೇಕೆಂದು ಪ್ರಾರ್ಥನೆ ಎಂದು ಮೂರು ಭಾಷೆಯಲ್ಲೂ ಸಾರಿದ. ಒಬ್ಬ ಮುದುಕಿ ನಿಜವಾಗಿಯೂ ಗಂಟು ಎತ್ತಿಕೊಂಡು ವೀರಶೆಟ್ಟೆಪ್ಪನವರ ಕ್ಯಾರಿಯರಿನ ಕಡೆ ಹೊರಟಳು.

ಮಹಾದೇವಿ ನಿಂಬೆ ಶರಬತ್ತು ಹಿಡಿದು ನಿಂತಿದ್ದಳು. ಗ್ಲಾಸು ಕೊಡುತ್ತ ನನ್ನ ಕಡೆ ಹುಬ್ಬು ಏರಿಸಿದಳು. ಕೇಳಿದಿರೇನು ಎಂದು ಅದರ ಅರ್ಥ. ನಾನು ಇಲ್ಲವೆಂದು ತಲೆಯಾಡಿಸಿದೆ. ವೀರಶೆಟ್ಟೆಪ್ಪ ಅದನ್ನು ನೋಡಿ, "ಯಾಕ್ರಿ ಸಾಹೇಬ್ರೇ, ಶರಬತ್ತು ಚಲೋ ಆಗ್ಯದಲ್ರಿ" ಎಂದರು. ಮಹಾದೇವಿ ನನ್ನತ್ತ ಬೀರಿದ ನೋಟದಲ್ಲಿ ಇನ್ನೊಂದು ನಿಂಬೆಹಣ್ಣು ಹಿಂಡಬಹುದಿತ್ತು.

ತಾಂಡೂರಿನ ದಾರಿ ಹಿಡಿದ ಮೇಲೆ ಎದುರುಗಾಳಿ ಇನ್ನೂ ಜೋರಾಯಿತು. ಬೆಳಿಗ್ಗೆಯಿಂದ ಗಾಳಿಗೆ ಎದೆ ಕೊಟ್ಟ ನನ್ನ ತೊಡೆಗಳು ಮರದ ಕೊರಡಾಗಿದ್ದವು. ರಸ್ತೆಯ ಎರಡೂ ಬದಿ ಹೊಲಗಳಲ್ಲಿ ಜನವೋ ಜನ. ಜೋಳದ ದಂಟಿನ ಗುಡಿಸಲು ಕಟ್ಟಿ ಪೂಜೆ ಮಾಡಿ, ಕಂಬಳಿ ಹಾಸಿ ಊಟಕ್ಕೆ ಕೂತಿದ್ದರು. ಎಳ್ಳಮಾಸಿಯ ದಿನ ಹೊಲದ ಬದಿಯಲ್ಲಿ ಹಾದವರು ಯಾರೇ ಇರಲಿ, ಕರೆಯದೆ ಬಿಡುವುದಿಲ್ಲ. ಕರೆದ ಮೇಲೆ ಹೋಗದೆ ಇರುವುದೂ ಇಲ್ಲ. "ಬರ್ರಿ, ಊಟ ಮಾಡ್ರಿ!" ಎಂಬ ಕೂಗು ಹೊಲ ಹೊಲದಿಂದ ಬರುತ್ತಿತ್ತು. ನಮಗಿಂತ ಮುಂಚೆ ಹೋದ ಪಟ್ಟಣದವರು ತಮ್ಮನ್ನು ಹುರಿದುಂಬಿಸುತ್ತಿದ್ದಾರೆಂದು ತಿಳಿದು ಕೈ ಬೀಸಿ ಹೋಗಿದ್ದರಂತೆ. ನಾನು ಪ್ರತಿಯೊಂದು ಕೂಗಿಗೂ, "ಇಲ್ರಿ, ಪಂದ್ಯ ಅದ್ರಿ!" ಎಂದು ಕ್ಷಮೆ ಕೇಳುತ್ತ ಸಾಗಿದೆ. ಭಜ್ಜಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹತ್ತಾರು ಕಾಳು, ಕಾಯಿಪಲ್ಲೆ, ಹುಣಸೆಹುಳಿ, ಹಿಟ್ಟು ಸೇರಿ ಕುದ್ದ ಆ ಪಲ್ಲೆ ನಮಗೆ ವರ್ಷಕ್ಕೊಮ್ಮೆಯೇ ಸಿಗುವುದು. ಕಣ್ಣು ಮುಚ್ಚಿ ಒಂದು ಏರು ಹತ್ತಿದೆ. ಹೊರಳಿ ನೋಡಿದೆ.

ವೀರಶೆಟ್ಟೆಪ್ಪ ಇಲ್ಲ.

ಹಿಂದಕ್ಕೆ ತಿರುಗಿಸಿ ಇಳಿಜಾರಿನಲ್ಲಿ ಓಡಿಸಿದೆ. ಕರಿ ಸೈಕಲ್ ಒಂದು ಬೇವಿನ ಗಿಡಕ್ಕೆ ಒರಗಿ ನಿಂತಿತ್ತು. ಅದರ ಯಜಮಾನರು ಹೆಲ್ಮೆಟ್ ತೆಗೆದಿಟ್ಟು ಕಂಬಳಿಯ ಮೇಲೆ ಚಕ್ಕಳ ಮಕ್ಕಳ ಹಾಕಿಕೊಂಡು ಕೂತು ಸಜ್ಜೆ ರೊಟ್ಟಿ ಮುರಿಯುತ್ತಿದ್ದರು.

"ಹಬ್ಬದ ದಿನ ಕರ್ದಾರ. ಹೆಂಗ ಬಿಟ್ಟು ಹೋಗೂದ್ರಿ?" ಎಂದರು.

ಆ ಹೊಲದ ಹಿರಿಯಾಕೆ, ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಿ, ನನ್ನನ್ನೂ ಕೂರಿಸಿ, ತಟ್ಟೆಗೆ ರೊಟ್ಟಿ ಹಾಕಿ ಭಜ್ಜಿ ಸುರಿದಳು. ನನ್ನ ಬಿಗಿ ಅಂಗಿಯನ್ನು ಮೇಲಿನಿಂದ ಕೆಳಗೆ ನೋಡಿ, ಪಾಪ ಎನ್ನುವ ಮುಖ ಮಾಡಿ, ವೀರಶೆಟ್ಟೆಪ್ಪನವರನ್ನು ಕೇಳಿದಳು.

"ಇವರ್ಯಾರ್ರಿ ನಿಮಗ?"

"ಇವರಾ?" ಎಂದರು ವೀರಶೆಟ್ಟೆಪ್ಪ, ತುತ್ತು ಅಗಿಯುತ್ತ. "ನಮ್ಮ ಬೀಗರು."

ನನ್ನ ಕೈಯೊಳಗಿನ ಅಂಬಲಿಯ ಗ್ಲಾಸು ಓರೆಯಾಗಿ ಮಡಿಲ ಮೇಲೆ ಸುರಿಯಿತು. ಬೆಳಗಿನಿಂದ 'ಸಾಹೇಬ್ರೇ' ಎನ್ನುತ್ತಿದ್ದ ಬಾಯಿ! ಅಜ್ಜಿ ಮತ್ತೆ ಗ್ಲಾಸು ತುಂಬುತ್ತ, "ಬೀಗರಂದ್ರ ಹಿಂಗಿರಬೇಕು ನೋಡ್ರಿ. ನಮ್ಮ ಬೀಗರು ಜೀಪ್ ಕಳಿಸಿದ್ರೂ ಬರಲ್ಲ, ನೀವು ಸೈಕಲ್ ತುಳಕೊಂಡು ಬಂದೀರಿ" ಎಂದು ಹೊಗಳಿ, ಇನ್ನಾರನ್ನೋ ಕರೆಯಲು ರಸ್ತೆಯ ಕಡೆ ಹೋದಳು.

ಈಗ ಗಾಳಿ ಇರಲಿಲ್ಲ, ಲಾರಿ ಇರಲಿಲ್ಲ. ನಾನು ಕೇಳಲು ಬಾಯಿ ತೆರೆಯುವುದರೊಳಗೆ ಅವರೇ ಶುರು ಮಾಡಿದರು. ರೊಟ್ಟಿಯನ್ನು ನೋಡುತ್ತ ಮಾತಾಡಿದರು.

"ನಮ್ಮಕಿ ಸುವರ್ಣಾ ಮದುವಿ ಆಗಿ ಬಂದ ಹೊಸದಾಗಿ ಆಕಿಗಿ ಬೀದರದಾಗ ಸಾಲಿ ಟೀಚರ್ ನೌಕರಿ ಬಂದಿತ್ರಿ. ನಮ್ಮಪ್ಪ ಬ್ಯಾಡ ಅಂದ. ನಾ ಸುಮ್ ಕುಂತೆ. ಆಕಿನೂ ಏನೂ ಅನ್ನಲಿಲ್ಲ. ಅವತ್ತಿಂದ ಅಂಗಡ್ಯಾಗ ಕಾಳಿನ ಚೀಲದ ಮ್ಯಾಲ ಹೆಸರು ಬರ್ಯಾದು ಆಕಿನೇ. ಅಕ್ಷರ ನೋಡಬೇಕ್ರಿ ನೀವು, ಮುತ್ತು ಪೋಣಿಸಿದಂಗ. ನಮ್ಮ ಹಮಾಲರ ಮಕ್ಕಳು ಆ ಚೀಲ ನೋಡ್ಕೋತ ಅಕ್ಷರ ಕಲ್ತಾವ."

ನಾನು ಉಣ್ಣುವುದನ್ನು ನಿಲ್ಲಿಸಿದೆ.

"ನಿಮ್ಮ ಮನಿಗಿ ಬಂದು ಹೋದ ದಿನ ಬಸ್ಸಿನಾಗ ಆಕಿ ಅಂದ್ಳು, ಈ ಹುಡುಗಿ ನೌಕರಿ ಬಿಡಿಸಿದ್ರ ನಾ ನಿಮ್ ಜೋಡಿ ಮಾತಾಡಲ್ಲ ಅಂತ. ಇಷ್ಟು ವರ್ಷದಾಗ ಆಕಿ ನನಗ ಜೋರು ಮಾಡಿದ್ದು ಅದೊಂದೇ ಸಲ. ಕಿರಣ ತಾಂಡೂರಿಗಿ ಹೋಗ್ಲಿ ಅಂತ ಅವತ್ತೇ ನಮ್ಮಿಬ್ಬರೊಳಗ ಮಾತಾಗ್ಯದ್ರಿ. ನಿಮಗ ಹೇಳೂ ತನಕ ಅವಗೂ ಹೇಳಿಲ್ಲ. ತೊಗರಿ ಬಜಾರ ಅಲ್ಲೇ ದೊಡ್ಡದು. ಅಲ್ಲೊಂದು ಅಂಗಡಿ ಹಾಕ್ತಾನ. ನಾರಾಯಣಖೇಡದಾಗ ನಾವಿಬ್ಬರು ಸಾಕು."

"ಮತ್ತ ಯಾಕ್ರಿ ಇಷ್ಟು ದಿನ ಹೇಳಲಿಲ್ಲ?" ನನ್ನ ದನಿ ಬಸ್ ನಿಲ್ದಾಣದ ಮಟ್ಟಕ್ಕೆ ಏರಿತು. ಬೇವಿನ ಗಿಡದ ಗಿಳಿಗಳು ಹಾರಿದವು.

ಅವರು ಕಿವಿಯ ಹಿಂದೆ ಕೆರೆದುಕೊಂಡರು. "ಹೆಂಗ ಹೇಳ್ಲಿ? ಗಂಡಿನ ಕಡ್ಯಾವ್ರು ನಾವು. ನಮ್ಮ ಹುಡುಗ ನಿಮ್ಮ ಹುಡುಗಿ ಇದ್ದಲ್ಲಿಗಿ ಬರ್ತಾನ ಅಂದ್ರ, ಮನಿ ಅಳಿಯ ಆಗಾಕ ಹೊಂಟಾನ ಅಂತ ನೀವು ಹಗುರ ತಿಳ್ಕೊಂಡ್ರ? ಮಾತು ಹೆಂಗ ತೆಗೀಬೇಕು ತಿಳೀಲಿಲ್ಲ. ಒಂದಿನ ಧೈರ್ಯ ಮಾಡಿ ಫೋನ್ ಹಚ್ಚಿದ್ನಿ. ನೀವು 'ಹಲೋ' ಅಂದಿದ್ದು ಎಷ್ಟು ಜೋರಿತ್ತಂದ್ರ, ಹೇಳಬೇಕಾದ್ದು ಮರ್ತು ಬಾಯಿಗಿ ಸೈಕಲ್ ಬಂತು."

"ಅಂದ್ರ ನೀವು ಪಂದ್ಯದ ಸಲುವಾಗಿ..."

"ಎಲ್ಲಿ ಪಂದ್ಯರಿ! ಮನಿಯಿಂದ ಅಂಗಡಿಗಿ, ಅಂಗಡಿಯಿಂದ ಮನಿಗಿ, ಅಷ್ಟೇ ನನ್ನ ಸೈಕಲ್. ಆದ್ರ ಬರ್ತೀನಿ ಅಂದಿದ್ನಲ್ಲ, ಬಂದ್ನಿ. ದಾರ್ಯಾಗ ಹೇಳೂಣ ಅಂತ ಮುಂಜಾನಿಂದ ನಿಮ್ಮ ಬಾಜೂಕ ಬರಾಕ ನೋಡೀನಿ. ನೀವು ಬಿಡವಲ್ರಿ. ಇವನ ಸೈಕಲ್ ಹಳೇದು, ಇವ ಮುಂದ ಹೋದ್ರ ಮಾನ ಹೋಗ್ತದ ಅಂತ ತಿಳ್ಕೊಂಡೀರೇನು?"

ನಾನು ಗಾಳಿಯ ಮರ್ಯಾದೆಯನ್ನೂ ನನ್ನ ಧರ್ಮಸಂಕಟವನ್ನೂ ವಿವರಿಸಿದೆ. ಅವರು ಕೇಳಿದರು. ಮೊದಲು ಅವರ ಮೀಸೆ ಅಲುಗಿತು. ಆಮೇಲೆ ಭುಜ ಅಲುಗಿತು. ಆಮೇಲೆ ವೀರಶೆಟ್ಟೆಪ್ಪನವರು ಕಂಬಳಿಯ ಮೇಲೆ ಹಿಂದಕ್ಕೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತ ಇನ್ನೆರಡು ಎಳ್ಳು ಹೋಳಿಗೆ ತಿಂದೆವು. ಅಂಬಲಿ ಕುಡಿದೆವು.

ಎಳ್ಳಮಾಸಿಯ ಅಂಬಲಿ ಹೊಟ್ಟೆಗೆ ಬಿದ್ದ ಮೇಲೆ ಸೈಕಲ್ ತುಳಿಯಬಹುದೆಂದು ತಿಳಿದವನು ಮೂರ್ಖ. ಬೇವಿನ ನೆರಳಲ್ಲಿ ಬೆನ್ನು ಚಾಚೋಣ, ಒಂದು ಗಳಿಗೆ ಮಾತ್ರ ಎಂದೆವು. ಕಣ್ಣು ಬಿಟ್ಟಾಗ ಅಜ್ಜಿ ನನ್ನ ಭುಜ ಅಲುಗಾಡಿಸುತ್ತಿದ್ದಳು. "ಏಳ್ರಿ ಬೀಗರೇ, ನಿಮ್ಮ ಪಂದ್ಯ ಮುಗ್ದು ಹೋಗ್ಯದೇನು?" ನೆರಳು ನಮ್ಮನ್ನು ಬಿಟ್ಟು ಬದುವಿನ ಆಚೆಗೆ ಹೋದದ್ದೇ ಗೊತ್ತಾಗಿರಲಿಲ್ಲ.

ಎದ್ದು ಬಿದ್ದು ಸೈಕಲ್ ಹತ್ತಿದೆವು. ಈ ಸಲ ಅವರು ನನ್ನನ್ನು ಕೇಳಲಿಲ್ಲ. ಮುಂದೆ ಹೋದರು. ಅವರ ಬಿಳಿ ಅಂಗಿ ಗಾಳಿ ತುಂಬಿ ಉಬ್ಬಿ ಒಂದು ಗೋಡೆಯ ಹಾಗೆ ನಿಂತಿತು. ಅದರ ಹಿಂದೆ ಗಾಳಿಯೇ ಇಲ್ಲ! ಬೆಳಗಿನಿಂದ ನಾನು ಬೇಡವೆಂದ ಸುಖ ಎಂಥದ್ದೆಂದು ಆಗ ತಿಳಿಯಿತು. ಕೈಯಿಂದ ಗುಂಡಿ ತೋರಿಸುವುದು ಅವರಿಗೆ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಮಾತಾಡದ ಮನುಷ್ಯ ಈಗ ಬಾಯಿ ಬಿಟ್ಟು ಕೂಗುತ್ತ ಹೋದರು.

"ಗುಂಡಿ ಅದ, ಬೀಗರೇ! ಎಮ್ಮಿ ಬಂತು, ಬೀಗರೇ! ಇಲ್ಲಿ ರಸ್ತಾನೇ ಇಲ್ರಿ, ಬೀಗರೇ!"

ತಾಂಡೂರು ಹತ್ತಿರವಾದಂತೆ ಗಾಳಿಗೆ ಬಿಳಿ ಬಣ್ಣ ಬಂತು. ಕಲ್ಲು ಕೊಯ್ಯುವ, ಉಜ್ಜುವ ಕಾರ್ಖಾನೆಗಳ ಪುಡಿ ಗಿಡಗಳ ಮೇಲೆ, ಹಂಚಿನ ಮೇಲೆ, ದನಗಳ ಬೆನ್ನಿನ ಮೇಲೆ ಕೂತಿತ್ತು. ಹಾಸುಗಲ್ಲು ಹೇರಿದ ಲಾರಿಗಳು ನರಳುತ್ತ ಹೋಗುತ್ತಿದ್ದವು. ಊರ ಹೊರಗಿನ ಏರಿನಲ್ಲಿ ನನ್ನ ಬಲಗಾಲಿನ ಮೀನಖಂಡ ಗಂಟು ಕಟ್ಟಿತು. ಸೈಕಲ್ ಓಲಾಡಿತು. "ನೀವು ಹೋಗ್ರಿ ಬೀಗರೇ, ನನ್ನ ಕಾಲು ಹೋತು" ಎಂದೆ.

"ನಾ ಒಬ್ಬನೇ ಹೋಗಿ ಏನ್ ಮಾಡ್ಲಿ? ಒಂದೇ ಕಾಲಿಲೆ ತುಳೀರಿ" ಎಂದು ಅವರು ಬದಿಗೆ ಬಂದು, ಒಂದು ಕೈಯಲ್ಲಿ ತಮ್ಮ ಸೈಕಲ್ ಹಿಡಿದು, ಇನ್ನೊಂದು ಕೈಯನ್ನು ನನ್ನ ಬೆನ್ನಿಗೆ ಕೊಟ್ಟು ದಬ್ಬಿದರು. ತೊಗರಿ ಚೀಲ ಎತ್ತಿ ಎತ್ತಿ ಗಟ್ಟಿಯಾದ ಕೈ. ಆ ಏರನ್ನು ನಾನು ಹತ್ತಲಿಲ್ಲ, ನನ್ನನ್ನು ಹತ್ತಿಸಲಾಯಿತು.

ಗೆರೆಯ ಮೇಲೆ ಗಾಳಿ ತುಂಬಿ ನಿಲ್ಲಿಸುವ ದೊಡ್ಡ ರಬ್ಬರಿನ ಕಮಾನು ಇತ್ತು. ಇತ್ತು ಎನ್ನುವುದಕ್ಕಿಂತ ಇಲ್ಲವಾಗುವುದರಲ್ಲಿತ್ತು. ಎಲ್ಲರೂ ಬಂದಾಯಿತೆಂದು ತಿಳಿದು ಅವರು ಅದರ ಗಾಳಿ ಬಿಡುತ್ತಿದ್ದರು. "ಆಗಂಡಿ, ಆಗಂಡಿ! ಇಂಕಾ ಇದ್ದರು ಉನ್ನಾರು!" ನಿಲ್ಲಿಸಿ, ಇನ್ನೂ ಇಬ್ಬರಿದ್ದಾರೆ ಎಂದು ಯಾರೋ ಕೂಗಿದರು. ಜನ ಓಡಿ ಬಂದು ಕುಸಿಯುತ್ತಿದ್ದ ಕಮಾನನ್ನು ಬಿದಿರಿನ ಗಳಗಳಿಂದ ಎತ್ತಿ ಹಿಡಿದರು. ಅವಧಿಯೊಳಗೇ ಬಂದಿದ್ದೆವು, ಆದರೆ ಎಲ್ಲರಿಗಿಂತ ಕೊನೆಗೆ. ಜೋತುಬಿದ್ದ ಕಮಾನಿನ ಕೆಳಗೆ ತಲೆ ತಗ್ಗಿಸಿ, ಹೊಸ ಮದುಮಕ್ಕಳು ಹೊಸ್ತಿಲು ದಾಟಿದ ಹಾಗೆ, ಇಬ್ಬರೂ ಒಟ್ಟಿಗೆ ಗೆರೆ ದಾಟಿದೆವು.

ಪಲ್ಲವಿ ಅಲ್ಲೇ ಇದ್ದಳು. ಯಾವುದೋ ಹಳ್ಳಿಯಲ್ಲಿ ಹಸುವಿನ ಹೆರಿಗೆ ಮುಗಿಸಿ ರಬ್ಬರ್ ಬೂಟಿನಲ್ಲೇ ಬಂದಿದ್ದಳು. ನಾನು ಕುಂಟುವುದನ್ನು ನೋಡಿ ಒಂದು ಹಾಸುಗಲ್ಲಿನ ರಾಶಿಯ ಮೇಲೆ ಕೂರಿಸಿ, ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೀನಖಂಡವನ್ನು ಒತ್ತತೊಡಗಿದಳು. ನಾನು ಕಿರುಚಿದೆ.

"ಸುಮ್ಮಿರು ಅಪ್ಪಾ. ಎಮ್ಮಿನೂ ಇಷ್ಟು ಒದರಲ್ಲ."

ಅವಳು ವೀರಶೆಟ್ಟೆಪ್ಪನವರಿಗೆ ನಮಸ್ಕಾರ ಮಾಡಿದಳು, ಆದರೆ ಮುಖ ಎತ್ತಿ ನೋಡಲಿಲ್ಲ. ಹೇಳಿಬಿಡಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು. ಆದರೆ ಅದು ನಾನು ಹೇಳುವ ಮಾತಲ್ಲ. ಜೀವಮಾನದಲ್ಲಿ ಒಮ್ಮೆ ಬಾಯಿ ಮುಚ್ಚಿಕೊಂಡು ಕೂತೆ. ಅವರು ನಮ್ಮ ಎದುರಿನ ಕಲ್ಲಿನ ಮೇಲೆ ಕೂತು ಹೆಲ್ಮೆಟ್ ತೆಗೆದರು. ಮಂಕಿ ಟೋಪಿ ತೆಗೆದರು. ಅದರಿಂದ ಮುಖದ ಬಿಳಿ ಪುಡಿ ಒರೆಸಿಕೊಂಡರು. ಇವರು ಪುನಃ ಸೈಕಲ್ಲಿನ ಮಾತು ತೆಗೆದರೆ ಗತಿಯೇನು ಎಂದುಕೊಂಡೆ.

ಅವರು ಕೆಮ್ಮಿದರು.

"ಅವ್ವಾ ಪಲ್ಲವಿ, ಈ ತಾಂಡೂರಾಗ ಇಬ್ಬರು ಇರಾಕ ಆಗೂವಂಥ ಬಾಡಿಗಿ ಮನಿ ಯಾವ ಕಡಿ ಸಿಗ್ತಾವ? ಜರಾ ಧೂಳು ಕಡಿಮಿ ಇದ್ದಲ್ಲಿ ನೋಡಬೇಕು. ನಮ್ಮ ಕಿರಣಗ ಧೂಳಿಗಿ ಸೀನು ಬರ್ತಾವ."

ಪಲ್ಲವಿಯ ಕೈ ನಿಂತಿತು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು. ನನ್ನ ಕಾಲು ಅವಳ ಮಡಿಲಿನಿಂದ ಜಾರಿ ಧಡ್ ಎಂದು ಕಲ್ಲಿನ ಮೇಲೆ ಬಿತ್ತು. ನಾನು ಅಯ್ಯೋ ಎಂದೆ. ಡಾಕ್ಟರಮ್ಮ ಕೇಳಿಸಿಕೊಳ್ಳಲಿಲ್ಲ. ಅವಳು ಆಗಲೇ ಎದ್ದು, ರಬ್ಬರ್ ಬೂಟುಗಳನ್ನು ಟಪಟಪ ಬಡಿಯುತ್ತ, ಫೋನು ಕಿವಿಗೆ ಹಿಡಿದು ಓಡಿದ್ದಳು.